ಹೀಟರ್ ಓಡಿದರೂ ನೆಲ ತಣ್ಣಗೆ ಯಾಕೆ?

ಪ್ರಶ್ನೆ: ಸರ್, ನಾವು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ 1985ರಲ್ಲಿ ಕಟ್ಟಿದ ಮನೆ ಕೊಂಡಿದ್ದೇವೆ. ನೆಲದಡಿ ಮೂರಡಿ ಎತ್ತರದ ಕ್ರಾಲ್ ಸ್ಪೇಸ್, ಅಂದರೆ ತೆವಳಿ ಹೋಗುವಷ್ಟು ಖಾಲಿ ಜಾಗ ಇದೆ. ಊರಿಂದ ಬಂದಿರುವ ಅಮ್ಮನಿಗೆ ನೆಲದ ಮೇಲೆ ಕೂತೇ ತರಕಾರಿ ಹೆಚ್ಚಿ ಅಭ್ಯಾಸ. ಜನವರಿಯಲ್ಲಿ ಆ ನೆಲದ ಮೇಲೆ ಕಾಲಿಡೋಕೂ ಆಗಲ್ಲ. ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ (ಇನ್ಸುಲೇಷನ್) ಅಂತ ಫೈಬರ್‌ಗ್ಲಾಸ್ ತಂದು ಕೆಳಗೆ ನಾನೇ ತುಂಬಬಹುದಾ?

ಉತ್ತರ: ತುಂಬಬಹುದು. ಆದರೆ ಅದು ಕೊನೆಯ ಕೆಲಸ. ಮೊದಲು ಹಳೇ ಬಟ್ಟೆ, ಮಾಸ್ಕ್ ಹಾಕಿಕೊಂಡು, ಟಾರ್ಚ್ ಹಿಡಿದು ಒಳಗೆ ತೆವಳಿ ನೋಡಿ ಬನ್ನಿ. ತೊಲೆಗಳ ನಡುವೆ ಹಳೇ ಫೈಬರ್‌ಗ್ಲಾಸ್ ಜೋತುಬಿದ್ದಿದ್ದರೆ ಆಶ್ಚರ್ಯವಿಲ್ಲ. ನೆಲದ ಹಲಗೆಗೂ ಅದಕ್ಕೂ ಎರಡು ಬೆರಳು ಸಂದು ಬಿಟ್ಟರೂ ಸಾಕು, ವೆಂಟ್‌ನಿಂದ (ಕ್ರಾಲ್ ಸ್ಪೇಸಿಗೆ ಗಾಳಿಯಾಡಲು ಗೋಡೆಯಲ್ಲಿಟ್ಟ ಜಾಲರಿ) ನುಗ್ಗುವ ಗಾಳಿ ಅಲ್ಲೇ ಓಡಾಡುತ್ತದೆ. ಇನ್ಸುಲೇಷನ್ ಇದ್ದೂ ಇಲ್ಲದ ಹಾಗೆ.

ಜೋತುಬೀಳಲು ಮುಖ್ಯ ಕಾರಣ ತೇವ. ನಿಮ್ಮ ಕಡೆ ಬೇಸಿಗೆಯಲ್ಲಿ ಸೆಕೆ ಜಾಸ್ತಿ ಅಲ್ವಾ? ಆ ಗಾಳಿ ವೆಂಟ್‌ನಿಂದ ಒಳಗೆ ಬಂದು, ಎಸಿಯ ಗಾಳಿ ಸಾಗಿಸುವ ತಣ್ಣನೆ ಕೊಳವೆಗೆ (ಡಕ್ಟ್) ತಾಗಿ ನೀರಾಗುತ್ತದೆ. ಮಣ್ಣಿನ ಪಸೆ ಬೇರೆ. ಹಾಗಾಗಿ ಮೊದಲು ಛಾವಣಿಯ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿ. ಆಮೇಲೆ ಮಣ್ಣಿನ ಮೇಲೆ ಕನಿಷ್ಠ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಹಾಸಿ. ಹಾಳೆಗಳು ಒಂದರ ಮೇಲೊಂದು ಒಂದಡಿ ಕೂತಿರಲಿ, ಜೋಡಣೆಗೆ ಟೇಪ್ ಹಚ್ಚಿ.

ಆಮೇಲೆ ನೆಲದ ಹಲಗೆಯಲ್ಲಿರುವ ಕಿಂಡಿಗಳು. ಬಾತ್‌ಟಬ್‌ನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಎರಡಿಂಚಿನ ಡ್ರೈನ್ ಪೈಪಿಗೆ ಪ್ಲಂಬರ್ ಒಂದಡಿ ಅಗಲ ಹಲಗೆ ಕತ್ತರಿಸಿ ಹೋಗಿರುತ್ತಾನೆ! ದೊಡ್ಡ ಕಿಂಡಿಗೆ ಹಲಗೆ ಅಥವಾ ಫೋಮ್ ಬೋರ್ಡ್ ತುಂಡು, ಸಣ್ಣದಕ್ಕೆ ಸ್ಪ್ರೇ ಫೋಮ್. ಡಕ್ಟಿನ ಜಾಯಿಂಟುಗಳಿಗೆ ಮ್ಯಾಸ್ಟಿಕ್ ಎಂಬ ಅಂಟು ಬಳಿಯಿರಿ. ಬಟ್ಟೆಯ ಟೇಪ್ ಬಿಸಿಗೆ ಒಣಗಿ ಕಳಚಿಕೊಳ್ಳುತ್ತದೆ.

ಈಗ ಫೈಬರ್‌ಗ್ಲಾಸ್. ಆರ್-19 (ಬಿಸಿ ತಡೆಯುವ ಶಕ್ತಿಯ ಅಳತೆ) ಸಾಕು, ದಪ್ಪ ಸುಮಾರು ಆರೂಕಾಲು ಇಂಚು. ಕಾಗದದ ಮೈ ಮೇಲಕ್ಕಿರಬೇಕು, ನೆಲದ ಹಲಗೆಗೆ ಅಂಟಿದಂತೆ. ಸ್ಟೇಪಲ್ ಹೊಡೆಯಲು ಸುಲಭ ಅಂತ ತುಂಬಾ ಜನ ಕೆಳಕ್ಕೆ ಮಾಡುತ್ತಾರೆ, ಅದು ತಪ್ಪು. ತಂತಿಯ ಕಡ್ಡಿಗಳಿಂದ ಎತ್ತಿ ಹಿಡಿಸಿ, ಆದರೆ ಒತ್ತಿ ಚಪ್ಪಟೆ ಮಾಡಬೇಡಿ. ಇಷ್ಟಾದ ಮೇಲೆ ಮನೆಯ ಬಿಸಿ ಕೆಳಗಿಳಿಯುವುದಿಲ್ಲ, ಕ್ರಾಲ್ ಸ್ಪೇಸ್ ಇನ್ನೂ ತಣ್ಣಗಾಗುತ್ತದೆ. ನೀರಿನ ಪೈಪುಗಳಿಗೂ ಹೊದಿಕೆ ಸುತ್ತಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆದಾವು.

ಇನ್ನೊಂದು ದಾರಿ, ವೆಂಟ್ ಮುಚ್ಚಿ ಕ್ರಾಲ್ ಸ್ಪೇಸ್ ಪೂರ್ತಿ ಸೀಲ್ ಮಾಡಿಸುವುದು. ಪ್ಲಾಸ್ಟಿಕ್ಕನ್ನು ಗೋಡೆಯ ಮೇಲಕ್ಕೂ ಹತ್ತಿಸಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಡುತ್ತಾರೆ. ನಿಮ್ಮದೇ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ 12 ಮನೆಗಳಲ್ಲಿ ಇದನ್ನು ಪರೀಕ್ಷಿಸಿತ್ತು. ಸೀಲ್ ಮಾಡಿದ ಮನೆಗಳಲ್ಲಿ ಹೀಟಿಂಗ್, ಕೂಲಿಂಗ್ ಖರ್ಚು ಶೇ 15ಕ್ಕೂ ಜಾಸ್ತಿ ಉಳಿಯಿತು. ದುಬಾರಿ ನಿಜ. ಆದರೆ ಡಕ್ಟುಗಳು ಕೆಳಗೇ ಇದ್ದರೆ ನಾನು ಇದನ್ನೇ ಹೇಳುತ್ತೇನೆ, ಈ ಚಳಿಗಾಲಕ್ಕಲ್ಲದಿದ್ದರೂ ಮುಂದಿನದಕ್ಕೆ. ಹಾಗೆ ಮಾಡಿಸುವಾಗ ಗೋಡೆಯ ಮೇಲ್ತುದಿಯಲ್ಲಿ ಮೂರಿಂಚು ಖಾಲಿ ಬಿಡಿಸಿ, ಗೆದ್ದಲು ಹತ್ತಿದರೆ ಕಾಣಬೇಕು. ಕೆಳಗೆ ಗ್ಯಾಸ್ ಫರ್ನೇಸ್ (ಮನೆ ಬಿಸಿಮಾಡುವ ಯಂತ್ರ) ಅಥವಾ ವಾಟರ್ ಹೀಟರ್ ಇದ್ದರೆ, ಬಲ್ಲ ತಂತ್ರಜ್ಞರಿಗೆ ತೋರಿಸದೆ ಒಂದು ವೆಂಟನ್ನೂ ಮುಚ್ಚಬೇಡಿ. ಉರಿಯಲು ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ಸೇರುತ್ತದೆ.