ಹೆಸರು ನಾಲಿಗೆ ತುದಿಯಲ್ಲೇ ಇದೆ, ಬಾಯಿಗೆ ಬರುತ್ತಿಲ್ಲ: ವಯಸ್ಸು ಮತ್ತು ಮಾತಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 66 ವರ್ಷ. ಎದುರಿಗೆ ನಿಂತವರು ಯಾರು, ಎಲ್ಲಿ ಪರಿಚಯವಾದರು ಎಲ್ಲ ನೆನಪಿರುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ತಾನಾಗಿಯೇ ಹೊಳೆಯುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ನಗುತ್ತಾರೆ. ಇದು ಡಿಮೆನ್ಷಿಯಾದ ಶುರುವೇ?

ಉತ್ತರ: ನೀವು ಬರೆದಿರುವಷ್ಟನ್ನು ನೋಡಿದರೆ, ಅಲ್ಲ. ಯುವಕರಿಗೂ ಹೆಚ್ಚುಕಡಿಮೆ ವಾರಕ್ಕೊಮ್ಮೆ ಹೀಗಾಗುತ್ತದೆ. ವಯಸ್ಸಾದಂತೆ ಇನ್ನಷ್ಟು ಸಲ ಆಗುತ್ತದೆ, ಅಷ್ಟೇ.

ಒಂದು ಗರಗಸದ ಚಿತ್ರ ತೋರಿಸಿ ಇದೇನೆಂದು ಕೇಳಿದರೆ, ಮಿದುಳು ಮೊದಲು ‘ಮರ ಕೊಯ್ಯುವ, ಹಲ್ಲುಗಳಿರುವ ಸಾಧನ’ ಎಂದು ಗುರುತಿಸುತ್ತದೆ. ಆಮೇಲೆ ಅದಕ್ಕೆ ಹೊಂದುವ ಪದವನ್ನು ಆರಿಸುತ್ತದೆ. ಮೂರನೆಯದಾಗಿ ಗ, ರ, ಗ, ಸ ಎಂಬ ಧ್ವನಿಗಳನ್ನು ಹೊಂದಿಸುತ್ತದೆ. ಕೊನೆಗೆ ತುಟಿ, ನಾಲಿಗೆ, ಗಂಟಲಿಗೆ ಸೂಚನೆ ಹೋಗುತ್ತದೆ. ಚಿತ್ರ ಕಂಡಾಗಿನಿಂದ ಮಾತು ಶುರುವಾಗುವವರೆಗೆ ಹಿಡಿಯುವ ಸಮಯ ಸುಮಾರು 600 ಮಿಲಿಸೆಕೆಂಡು. ವಯಸ್ಸು ಹೆಚ್ಚು ಕಾಡುವುದು ಮೂರನೆಯ ಹಂತವನ್ನು. ಅರ್ಥಗಳ ಸಂಗ್ರಹ ಕರಗುವುದಿಲ್ಲ. ಶಬ್ದಭಂಡಾರ ಅರವತ್ತು ದಾಟಿದವರಲ್ಲೂ ಗಟ್ಟಿಯಾಗಿರುತ್ತದೆ, ಎಷ್ಟೋ ಸಲ ಯುವಕರಿಗಿಂತ ದೊಡ್ಡದಾಗಿಯೂ ಇರುತ್ತದೆ. ಸಡಿಲವಾಗುವುದು ಅರ್ಥದಿಂದ ಧ್ವನಿಗೆ ಹೋಗುವ ಕೊಂಡಿ, ಅದೂ ಬಹಳ ದಿನ ಬಳಸದ ಪದಗಳದ್ದು.

ಹೆಸರುಗಳೇ ಯಾಕೆ ಹೆಚ್ಚು ಕೈಕೊಡುತ್ತವೆ? ‘ಗರಗಸ’ಕ್ಕೆ ಮರ, ಬಡಗಿ, ಹಲ್ಲು, ಕೊಯ್ಯುವ ಸದ್ದು ಹೀಗೆ ಹತ್ತು ಕಡೆಯಿಂದ ದಾರಿಗಳಿವೆ. ವ್ಯಕ್ತಿಯ ಹೆಸರಿಗೆ ಇರುವುದು ಒಂದೇ ದಾರಿ. ಅದು ಮಂಕಾದರೆ ಬಳಸಿಕೊಂಡು ಬರಲು ಬೇರೆ ದಾರಿಯಿಲ್ಲ. ಒಂದೇ ಪದವನ್ನು ಒಬ್ಬರ ವೃತ್ತಿ ಎಂದು ಹೇಳಿಕೊಟ್ಟರೆ ನೆನಪಿನಲ್ಲಿ ಉಳಿಯುತ್ತದೆ, ಅಡ್ಡಹೆಸರು ಎಂದು ಹೇಳಿಕೊಟ್ಟರೆ ಮರೆತುಹೋಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ.

ಪ್ರಶ್ನೆ: ಪದ ಸಿಕ್ಕಿಹಾಕಿಕೊಂಡಾಗ ಬಿಡದೆ ಯೋಚಿಸಬೇಕೋ, ಕೈಬಿಡಬೇಕೋ?

ಉತ್ತರ: ಹತ್ತು ಸೆಕೆಂಡು ಪ್ರಯತ್ನಿಸಿ, ಅದಕ್ಕಿಂತ ಹೆಚ್ಚು ಒದ್ದಾಡಬೇಡಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾರಿನ್ ಹಂಫ್ರೀಸ್ ಮತ್ತು ಸಹೋದ್ಯೋಗಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪದ ಸಿಗದೆ 10 ಸೆಕೆಂಡು ತಡಕಾಡಿದವುಗಳಿಗಿಂತ 30 ಸೆಕೆಂಡು ತಡಕಾಡಿದ ಪದಗಳೇ ಎರಡು ದಿನದ ನಂತರ ಮತ್ತೆ ಹೆಚ್ಚಾಗಿ ಸಿಕ್ಕಿಕೊಂಡವು. ತಡಕಾಡುವಷ್ಟು ಹೊತ್ತೂ ಮಿದುಳು ತಪ್ಪು ದಾರಿಯನ್ನೇ ರೂಢಿ ಮಾಡಿಕೊಳ್ಳುತ್ತಿರುತ್ತದೆ.

ಆ ಹತ್ತು ಸೆಕೆಂಡಿನಲ್ಲಿ ಅರ್ಥದ ಬೆನ್ನು ಹತ್ತಬೇಡಿ, ಅದು ನಿಮಗೆ ಗೊತ್ತೇ ಇದೆ. ಧ್ವನಿಯ ಬೆನ್ನು ಹತ್ತಿ. ವರ್ಣಮಾಲೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಿ: ಕ, ಕಾ, ಕಿ… ಗ, ಗಾ… ಮೊದಲ ಅಕ್ಷರ ತಾಗಿದರೆ ಉಳಿದದ್ದು ಎಷ್ಟೋ ಸಲ ಹಿಂದೆಯೇ ಬರುತ್ತದೆ. ಜೊತೆಗಿರುವವರೂ ಪೂರ್ತಿ ಪದ ಹೇಳುವ ಮುಂಚೆ ಮೊದಲ ಅಕ್ಷರವನ್ನಷ್ಟೇ ಕೊಟ್ಟು ನೋಡಲಿ. ಸಿಗಲಿಲ್ಲವೇ, ಕೇಳಿ ಅಥವಾ ಮೊಬೈಲಿನಲ್ಲಿ ಹುಡುಕಿ. ಆಮೇಲೆ ಅದನ್ನು ಮೂರ್ನಾಲ್ಕು ಸಲ ಗಟ್ಟಿಯಾಗಿ ಹೇಳಿ, ಒಂದು ವಾಕ್ಯದಲ್ಲಿ ಬಳಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಕೊಂಡಿ ಮತ್ತೆ ಬಿಗಿಯಾಗುವುದೂ ಇದರಿಂದಲೇ. ಸಮಾರಂಭಕ್ಕೆ ಹೋಗುವ ಮುನ್ನ ಸಿಗಬಹುದಾದವರ ಹೆಸರುಗಳನ್ನು ಹೀಗೆ ಬಾಯಿಬಿಟ್ಟು ಹೇಳಿಕೊಳ್ಳಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು.

ಪ್ರಶ್ನೆ: ಅಮ್ಮನಿಗೆ 74. ‘ಕೇಳಿಸುತ್ತೆ, ಏನು ಹೇಳ್ತೀಯ ಅಂತ ತಿಳಿಯಲ್ಲ’ ಎನ್ನುತ್ತಾರೆ. ಜೋರಾಗಿ ಹೇಳಿದರೆ ‘ಯಾಕೆ ಕಿರುಚ್ತೀಯ’ ಎಂದು ಬೇಸರಿಸಿಕೊಳ್ಳುತ್ತಾರೆ. ಬುದ್ಧಿ ಮಂಕಾಗುತ್ತಿದೆಯೇ?

ಉತ್ತರ: ಮೊದಲು ಕಿವಿ ತೋರಿಸಿ. ನಿಮ್ಮ ತಾಯಿ ಹೇಳುತ್ತಿರುವುದು ಅಕ್ಷರಶಃ ನಿಜವಿರಬಹುದು. ವಯಸ್ಸಿನ ಕಿವುಡು ಶುರುವಾಗುವುದು ಎತ್ತರದ ಕಂಪನಾಂಕಗಳಿಂದ. ಸ್ವರಗಳ ಬಲವೆಲ್ಲ ತಗ್ಗಿನ ಕಂಪನಾಂಕಗಳಲ್ಲಿರುವುದರಿಂದ ಅವು ಚೆನ್ನಾಗಿ ಕೇಳುತ್ತವೆ. ಸ, ಶ, ತ, ಕ, ಪ ಇಂಥ ಕ್ಷೀಣ ವ್ಯಂಜನಗಳು ಮಸುಕಾಗುತ್ತವೆ. ‘ಕಾಲು’, ‘ಸಾಲು’, ‘ಪಾಲು’ ಮೂರೂ ಅವರ ಕಿವಿಗೆ ‘ಆಲು’ ಆಗುತ್ತವೆ. ಯಾವುದೆಂದು ಸಂದರ್ಭದಿಂದ ಊಹಿಸಬೇಕು. ಆ ಊಹೆಯಲ್ಲಿ ವಯಸ್ಸಾದವರು ನಿಪುಣರೇ, ಆದರೆ ಒಂದು ಪದ ಬಿಡಿಸುವಷ್ಟರಲ್ಲಿ ಮುಂದಿನ ನಾಲ್ಕು ಪದ ದಾಟಿಹೋಗಿರುತ್ತವೆ. ಕಿರುಚಿದರೆ ಸ್ವರಗಳು ಜೋರಾಗುತ್ತವೆ, ವ್ಯಂಜನಗಳು ಅಷ್ಟು ಸ್ಪಷ್ಟವಾಗುವುದಿಲ್ಲ. ಜೊತೆಗೆ ಇಂಥ ಕಿವಿಗೆ ಜೋರು ಸದ್ದು ಬೇಗ ಅಸಹನೀಯವಾಗುತ್ತದೆ.

ಕಿರುಚುವ ಬದಲು ಹತ್ತಿರ ಹೋಗಿ. ಎರಡು ಮೀಟರಿನಿಂದ ಒಂದು ಮೀಟರಿಗೆ ಬಂದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಹೆಚ್ಚಿದಂತೆ. ಟಿವಿ, ಫ್ಯಾನ್ ಆರಿಸಿ. ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಹೆಸರು ಹಿಡಿದು ಕರೆದು ಮಾತು ಶುರುಮಾಡಿ.

ವಾಕ್ಯದ ಕಟ್ಟಣೆಯೂ ಮುಖ್ಯ. ‘ನಿನ್ನೆ ಬಂದ ಡಾಕ್ಟರು ಬರೆದುಕೊಟ್ಟ ಮಾತ್ರೆ ತಂದ ಹುಡುಗನಿಗೆ ದುಡ್ಡು ಕೊಟ್ಟೆಯಾ?’ ಎಂದರೆ ಕ್ರಿಯಾಪದ ಬರುವವರೆಗೆ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡಿರಬೇಕು. ಈ ಹಿಡಿದುಕೊಳ್ಳುವ ಶಕ್ತಿ ವಯಸ್ಸಿನೊಂದಿಗೆ ಇಳಿಯುತ್ತದೆ. ‘ನಿನ್ನೆ ಡಾಕ್ಟರು ಮಾತ್ರೆ ಬರೆದುಕೊಟ್ಟರಲ್ಲ, ಅದನ್ನು ಹುಡುಗ ತಂದ. ಅವನಿಗೆ ದುಡ್ಡು ಕೊಟ್ಟೆಯಾ?’ ಎಂದು ಬಿಡಿಸಿ ಹೇಳಿ. ಪ್ರತಿ ಪದದ ನಡುವೆ ಎಳೆಯಬೇಡಿ. ವಾಕ್ಯದ ಕೊನೆಯಲ್ಲಿ ಅರೆಕ್ಷಣ ನಿಲ್ಲಿಸಿ. ಮಗುವಿನೊಂದಿಗೆ ಮಾತಾಡುವಂತೆ ರಾಗ ಎಳೆಯುವುದಂತೂ ಬೇಡವೇ ಬೇಡ. ಅಮೆರಿಕದ ಸಂಶೋಧಕಿ ಸೂಸನ್ ಕೆಂಪರ್ ಅವರ ಪ್ರಯೋಗಗಳಲ್ಲಿ ಅದರಿಂದ ಗ್ರಹಿಕೆಗೆ ನೆರವಾಗಲಿಲ್ಲ. ಕೇಳುವವರಿಗೆ ಅವಮಾನವೂ ಆಗುತ್ತದೆ.

ಪರೀಕ್ಷೆಯಲ್ಲಿ ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿಸಿ, ಆಮೇಲೆ ಪ್ಯೂರ್ ಟೋನ್ ಆಡಿಯೋಮೆಟ್ರಿ, ಅಂದರೆ ಬೇರೆ ಬೇರೆ ಕಂಪನಾಂಕದ ಸದ್ದು ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ. ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಹಿಯರಿಂಗ್ ಏಡ್ ಬೇಕೆಂದರೆ ಮದುವೆ ಮನೆಯಲ್ಲಿ ಮೊದಲ ಸಲ ಹಾಕಬೇಡಿ. ಮನೆಯ ನಿಶ್ಶಬ್ದದಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ. ಹೊಸ ಸದ್ದಿಗೆ ಮಿದುಳು ಒಗ್ಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೊದಲ ವಾರವೇ ಡ್ರಾಯರ್ ಸೇರುವ ಹಿಯರಿಂಗ್ ಏಡ್‌ಗಳು ಬಹಳ.

ಪ್ರಶ್ನೆ: ಮಾತು, ನೆನಪು ಚುರುಕಾಗಿರಲು ದಿನಾ ಪದಬಂಧ ಬಿಡಿಸಿದರೆ ಸಾಕೇ?

ಉತ್ತರ: ಖುಷಿಗೆ ಬಿಡಿಸಿ. ಆದರೆ ಅಭ್ಯಾಸ ಮಾಡಿದ್ದು ಮಾತ್ರ ಸುಧಾರಿಸುತ್ತದೆ. 65 ದಾಟಿದ 2,802 ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆನಪಿನ ತರಬೇತಿಯಿಂದ ನೆನಪು, ವೇಗದ ತರಬೇತಿಯಿಂದ ವೇಗ ಮಾತ್ರ ಹೆಚ್ಚಿತು. ಮಾತು ಉಳಿಯಬೇಕಾದರೆ ಮಾತೇ ಆಡಬೇಕು: ಗಟ್ಟಿಯಾಗಿ ಓದುವುದು, ಓದಿದ್ದನ್ನು ಇನ್ನೊಬ್ಬರಿಗೆ ಹೇಳುವುದು, ಹರಟೆ.

ಪ್ರಶ್ನೆ: ಹಾಗಾದರೆ ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ಉತ್ತರ: ಮರೆತ ಪದವನ್ನು ಬೇರೆಯವರು ಹೇಳಿಕೊಟ್ಟಾಗ ‘ಹಾ, ಅದೇ!’ ಎನ್ನದೆ ‘ಹಾಗಂದರೇನು?’ ಎಂದರೆ ಹೋಗಿ. ಅಲ್ಲಿ ಅರ್ಥವೇ ಸವೆಯುತ್ತಿದೆ. ವಸ್ತುವಿನ ಬಳಕೆ ಮರೆತರೆ, ತಪ್ಪು ಪದ ಬಳಸಿದ್ದು ಸ್ವತಃ ಅರಿವಿಗೇ ಬರದಿದ್ದರೆ, ಕೆಲವೇ ತಿಂಗಳಲ್ಲಿ ಎದ್ದು ಕಾಣುವಷ್ಟು ಬದಲಾವಣೆಯಾದರೆ ಕೂಡ. ಹೋಗುವಾಗ ಸೇವಿಸುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳೂ ಮಾತನ್ನು ಮಂಕಾಗಿಸುತ್ತವೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವೆಯೇ ಎಂದು ನೋಡಿಸಿ. ಇವಕ್ಕೆ ಚಿಕಿತ್ಸೆಯಿದೆ.

ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಅರ್ಥವಿಲ್ಲದ ಪದಗಳು ಬಂದರೆ ಅಥವಾ ಎದುರಿನವರ ಮಾತು ತಿಳಿಯದೇ ಹೋದರೆ ಅದು ವಯಸ್ಸಲ್ಲ, ಪಾರ್ಶ್ವವಾಯು ಇರಬಹುದು. ಬಾಯಿ ಸೊಟ್ಟಗಾಗುವವರೆಗೆ ಕಾಯಬೇಡಿ, ನೀರು ಕುಡಿಸಬೇಡಿ, ಶುರುವಾದ ಸಮಯ ಗುರುತಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ಸಿಗುವ ಅವಧಿ ಮೊದಲ 4.5 ಗಂಟೆ ಮಾತ್ರ. ತಾನಾಗಿ ಸರಿಹೋಯಿತೆಂದರೂ ಅದೇ ದಿನ ತೋರಿಸಿ.