ಕೊಟ್ಟದ್ದೆಷ್ಟು, ಬಂದದ್ದೆಷ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಳುಗುವ ಕಂಪನಿಗಳನ್ನು ಸರ್ಕಾರ ಕೈಹಿಡಿದು ಎತ್ತುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ (ಜಿಎಂ) ಸರ್ಕಾರದ ಸಾಲವನ್ನು ಬಡ್ಡಿ ಸಮೇತ, ಅವಧಿಗೆ ಮೊದಲೇ ತೀರಿಸಿತು ಎಂದು ಆಗ ಓದಿದ ನೆನಪು. ನೀವು ನೋಡಿದರೆ ಸರ್ಕಾರಕ್ಕೆ ಸಾವಿರ ಕೋಟಿ ಡಾಲರ್ ಮೇಲೆ ನಷ್ಟ ಅನ್ನುತ್ತೀರಿ. ಯಾವುದು ಸರಿ? (ಸುರತ್ಕಲ್)

ಎರಡೂ ಸರಿ. ‘ಸಾಲ’ ಎಂದು ಹೆಸರಿಟ್ಟದ್ದು ಎಷ್ಟಕ್ಕೆ ಎಂಬುದರಲ್ಲಿದೆ ಕೈಚಳಕ.

ಅಮೆರಿಕದ ಖಜಾನೆ ಜಿಎಂಗೆ ಹಾಕಿದ್ದು ಸುಮಾರು 4,950 ಕೋಟಿ ಡಾಲರ್. ಕಂಪನಿ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿ ಜುಲೈಯಲ್ಲಿ ಹೊಸ ಕಂಪನಿಯಾಗಿ ಹೊರಬಂತು. ಆಗ ಸಾಲ ಎಂದು ಉಳಿಸಿಕೊಂಡದ್ದು ಬರೀ 670 ಕೋಟಿ. ಮಿಕ್ಕಿದ್ದರಲ್ಲಿ ಬಹುಪಾಲು ಷೇರಾಯಿತು, ಸರ್ಕಾರ ಶೇ 60.8ರ ಮಾಲೀಕನಾಯಿತು. 2010ರ ಏಪ್ರಿಲ್‌ನಲ್ಲಿ ಆ 670 ಕೋಟಿಯನ್ನು ಪೂರ್ತಿ ಚುಕ್ತಾ ಮಾಡಿ, ಮುಖ್ಯಸ್ಥ ಎಡ್ ವಿಟೇಕರ್ ಟಿವಿ ಜಾಹೀರಾತಿನಲ್ಲಿ ಬಂದು ‘ಸಾಲ ತೀರಿಸಿದೆವು’ ಅಂದರು. ತೀರಿಸಿದ ಹಣವಾದರೂ ಎಲ್ಲಿಯದು? ಕಾರು ಮಾರಿದ ಲಾಭದ್ದಲ್ಲ. ಸರ್ಕಾರವೇ ಕೊಟ್ಟು ಎಸ್ಕ್ರೋ ಖಾತೆಯಲ್ಲಿ, ಅಂದರೆ ಷರತ್ತಿನ ಮೇಲೆ ತೆಗೆಯಬಹುದಾದ ಖಾತೆಯಲ್ಲಿ, ಇಡಿಸಿದ್ದ ಹಣ. ಈ ನೆರವು ಬಂದ ‘ಟಾರ್ಪ್’ ಎಂಬ ಸರ್ಕಾರಿ ನಿಧಿಯ ವಿಶೇಷ ತಪಾಸಣಾಧಿಕಾರಿ ನೀಲ್ ಬರೋಫ್ಸ್ಕಿ ಅದನ್ನು ಆಗಲೇ ಬಾಯಿಬಿಟ್ಟು ಹೇಳಿದ್ದರು.

ನಷ್ಟ ಆದದ್ದು ಷೇರಿನಲ್ಲಿ. 2010ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಬೆಲೆ 33 ಡಾಲರ್. ಅಸಲು ಹುಟ್ಟಬೇಕಾದರೆ ಸುಮಾರು 43 ಡಾಲರ್‌ಗಾದರೂ ಮಾರಬೇಕಿತ್ತು. 2013ರ ಡಿಸೆಂಬರ್‌ನಲ್ಲಿ ಕೊನೆಯ ಷೇರು ಮಾರಿ ಕೈತೊಳೆದುಕೊಂಡಾಗ ಖೋತಾ ಬಿದ್ದದ್ದು ಸುಮಾರು 1,050 ಕೋಟಿ ಡಾಲರ್. ಉದ್ಯೋಗ ಉಳಿದದ್ದಕ್ಕೆ ಆ ಬೆಲೆ ತೆರಬಹುದು ಅನ್ನುವವರಿದ್ದಾರೆ; ಅದು ಬೇರೆ ವಾದ, ಅದರಲ್ಲಿ ಹುರುಳೂ ಇದೆ. ಆದರೆ ‘ಪೂರ್ತಿ ತೀರಿತು’ ಎಂಬ ಮಾತನ್ನು ಅದರ ಜೊತೆ ಕಟ್ಟಬೇಡಿ.

ಇದಕ್ಕಿಂತ ಜಾಣತನದ ವ್ಯವಹಾರ ಮೂವತ್ತು ವರ್ಷ ಮೊದಲೇ ಆಗಿತ್ತು. 1979ರ ಕಾಯ್ದೆಯಲ್ಲಿ ಕ್ರೈಸ್ಲರ್‌ಗೆ ಸರ್ಕಾರ ಕೈಯಿಂದ ಹಣ ಕೊಡಲಿಲ್ಲ, 150 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಜಾಮೀನು ನಿಂತಿತು. ಕಾರ್ಮಿಕರು, ಸಾಲಕೊಟ್ಟ ಬ್ಯಾಂಕುಗಳು, ಬಿಡಿಭಾಗ ಪೂರೈಸುವವರು ಎಲ್ಲರೂ ಮೊದಲು ತಮ್ಮ ಪಾಲು ಬಿಟ್ಟುಕೊಡಬೇಕು ಎಂಬ ಷರತ್ತು. ಅದರ ಮೇಲೆ, ಷೇರಿಗೆ 13 ಡಾಲರ್‌ನಂತೆ 1.44 ಕೋಟಿ ಷೇರು ಕೊಳ್ಳುವ ಹಕ್ಕುಪತ್ರವನ್ನೂ ಬರೆಸಿಕೊಂಡಿತು. 1983ರಲ್ಲಿ ಸಾಲ ತೀರಿತು, ಷೇರು ಬೆಲೆ ಏರಿತು. ಹಕ್ಕುಪತ್ರ ಬಿಟ್ಟುಬಿಡಿ ಎಂದು ಕಂಪನಿ ದುಂಬಾಲು ಬಿದ್ದರೂ ಸರ್ಕಾರ ಕೇಳದೆ ಹರಾಜಿಗಿಟ್ಟಿತು. ಕ್ರೈಸ್ಲರೇ 31 ಕೋಟಿ ಡಾಲರ್‌ಗೂ ಮಿಕ್ಕಿ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಪ್ರಶ್ನೆ: ಜನರ ತೆರಿಗೆ ಹಣ ಪಡೆದ ಕಂಪನಿ ಅದೇ ಹಣದಲ್ಲಿ ಲಾಬಿ ಮಾಡುವುದನ್ನು (ತನಗೆ ಬೇಕಾದ ತೀರ್ಮಾನಕ್ಕಾಗಿ ಅಧಿಕಾರದಲ್ಲಿರುವವರ ಮೇಲೆ ಪ್ರಭಾವ ಬೀರುವುದನ್ನು) ಕಾನೂನು ತಡೆಯುವುದಿಲ್ಲವೇ? (ಮಣಿಪಾಲ)

ಅಮೆರಿಕದಲ್ಲಿ ತಡೆಯುವ ಕಾನೂನು ಇದೆ, ಕಾಗದದ ಮೇಲೆ. 1989ರ ಬರ್ಡ್ ತಿದ್ದುಪಡಿ ಪ್ರಕಾರ ಫೆಡರಲ್ ಸರ್ಕಾರದ ಗುತ್ತಿಗೆ, ಅನುದಾನ, ಸಾಲ ಪಡೆಯಲು ಸರ್ಕಾರಿ ಹಣದಲ್ಲೇ ಲಾಬಿ ಮಾಡುವಂತಿಲ್ಲ. ಇಷ್ಟಾದರೂ 2009ರ ಮೊದಲ ಮೂರು ತಿಂಗಳಲ್ಲಿ, ಅಂದರೆ ಸರ್ಕಾರಿ ಸಾಲದಲ್ಲೇ ಉಸಿರಾಡುತ್ತಿದ್ದಾಗ, ಜಿಎಂ ಲಾಬಿಗೆ 28 ಲಕ್ಷ ಡಾಲರ್ ಖರ್ಚು ತೋರಿಸಿತು. ಕಾನೂನು ಮುರಿಯಿತೇ ಎಂದರೆ ಹಾಗೆ ಹೇಳಲು ಬರುವುದಿಲ್ಲ. ‘ಲಾಬಿಗೆ ಹೋದದ್ದು ಕಾರು ಮಾರಿದ ದುಡ್ಡು, ಸರ್ಕಾರದ್ದು ಸಂಬಳಕ್ಕೆ ಹೋಯಿತು’ ಎಂದು ಯಾವ ಕಂಪನಿಯೂ ಹೇಳಬಹುದು. ಓವರ್‌ಹೆಡ್ ಟ್ಯಾಂಕಿಗೆ ತುಂಬೆ ಅಣೆಕಟ್ಟಿನಿಂದ ಬರುವ ನೀರನ್ನೂ ಬಾವಿ ನೀರನ್ನೂ ಬಿಟ್ಟ ಮೇಲೆ ಬಚ್ಚಲಿನ ನಲ್ಲಿಯಲ್ಲಿ ಬಂದದ್ದು ಯಾವುದೆಂದು ಕೇಳಿದ ಹಾಗೆ.

ಹೀಗಾಗಿ ‘ಆ ಹಣ ಬಳಸಬಾರದು’ ಎಂಬ ಷರತ್ತಿನಿಂದ ಪ್ರಯೋಜನ ಇಲ್ಲ. ನೆರವು ಮರಳುವವರೆಗೆ ಒಟ್ಟು ಲಾಬಿ ಖರ್ಚಿಗೇ ಮಿತಿ ಹಾಕಿದರೆ ಹಿಡಿತ ಸಿಗುತ್ತದೆ.

ನಮ್ಮಲ್ಲಿ ಲಾಬಿಯನ್ನು ನೋಂದಾಯಿಸುವ ಕಾನೂನೇ ಇಲ್ಲ. ಅಲ್ಲಿ 28 ಲಕ್ಷ ಎಂಬ ಲೆಕ್ಕವಾದರೂ ಸಿಗುತ್ತದೆ, ಏಕೆಂದರೆ ಮೂರು ತಿಂಗಳಿಗೊಮ್ಮೆ ವರದಿ ಕೊಡಲೇಬೇಕು. ಇಲ್ಲಿ ಸಿಗುವುದು ರಾಜಕೀಯ ದೇಣಿಗೆ ಲೆಕ್ಕ ಮಾತ್ರ. ಕಂಪನಿ ಕಾಯ್ದೆಯ 182ನೇ ಕಲಮಿನಂತೆ ಅದನ್ನು ಲಾಭ–ನಷ್ಟ ಪಟ್ಟಿಯಲ್ಲಿ ತೋರಿಸಬೇಕು. ಸರ್ಕಾರಿ ಕಂಪನಿ ದೇಣಿಗೆ ಕೊಡುವಂತೆಯೇ ಇಲ್ಲ. ಆದರೆ ಸರ್ಕಾರಿ ಕಂಪನಿ ಎನಿಸಲು ಸರ್ಕಾರದ ಪಾಲು ಶೇ 51 ಇರಬೇಕು. 2025ರಲ್ಲಿ ವೊಡಾಫೋನ್ ಐಡಿಯಾ ಕೊಡಬೇಕಿದ್ದ 36,950 ಕೋಟಿ ರೂಪಾಯಿ ಬಾಕಿಯನ್ನು ಷೇರಾಗಿ ಬದಲಿಸಿದಾಗ ಸರ್ಕಾರದ ಪಾಲು ಶೇ 48.99ಕ್ಕೆ ಬಂದು ನಿಂತಿತು. ಅತಿ ದೊಡ್ಡ ಷೇರುದಾರ ಸರ್ಕಾರವೇ, ಕಂಪನಿ ಮಾತ್ರ ಖಾಸಗಿ.

ಪ್ರಶ್ನೆ: ನಮ್ಮ ಕಾರ್ಪೊರೇಷನ್ ಬ್ಯಾಂಕಿಗೆ ಕೇಂದ್ರ ಹಣ ಹಾಕಿದ್ದೂ ಇಂಥದ್ದೇ ಅಲ್ಲವೇ? (ಉಡುಪಿ)

ಅರ್ಧ ಹೌದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕಿಗೆ 2019ರ ಫೆಬ್ರುವರಿಯಲ್ಲಿ 9,086 ಕೋಟಿ ರೂಪಾಯಿ ಬಂತು. ದುರ್ಬಲ ಬ್ಯಾಂಕೆಂದು ರಿಸರ್ವ್ ಬ್ಯಾಂಕ್ ಹಾಕಿದ್ದ ನಿರ್ಬಂಧವೂ ಅದೇ ತಿಂಗಳು ತೆರವಾಯಿತು. ವ್ಯತ್ಯಾಸ ಏನೆಂದರೆ ಇಲ್ಲಿ ಸರ್ಕಾರ ಮೊದಲೇ ಮಾಲೀಕ. ತನ್ನ ಅಂಗಡಿಗೆ ತಾನೇ ಬಂಡವಾಳ ಹಾಕಿತು. ಆ ಕಾಲದ ಮರುಬಂಡವಾಳ ಬಹುಪಾಲು ನಡೆದದ್ದು ಬಾಂಡ್ ಮೂಲಕ. ಬ್ಯಾಂಕು ಸರ್ಕಾರದ ಬಾಂಡ್ ಕೊಳ್ಳುತ್ತದೆ, ಸರ್ಕಾರ ಆ ಹಣದಲ್ಲೇ ಬ್ಯಾಂಕಿನ ಷೇರು ಕೊಳ್ಳುತ್ತದೆ. ತೆರಿಗೆದಾರನ ಮೇಲೆ ಬೀಳುವುದು ವರ್ಷ ವರ್ಷ ಕಟ್ಟಬೇಕಾದ ಬಾಂಡಿನ ಬಡ್ಡಿ, ಕೊನೆಗೆ ಅಸಲು.

ಹೊಸ ಷೇರು ಹುಟ್ಟಿದಷ್ಟೂ ಹಳೆಯ ಸಣ್ಣ ಷೇರುದಾರರ ಪಾಲು ತೆಳುವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ 1,000 ಷೇರಿಗೆ 330 ಷೇರು. ಮನೆಯಲ್ಲಿ ಹಳೆಯ ಕಾಗದದ ಷೇರುಪತ್ರ ಇದ್ದವರು ಅದನ್ನು ಹಾಗೇ ಮಾರಲು ಆಗುವುದಿಲ್ಲ, ಮೊದಲು ಡಿಮ್ಯಾಟ್ ಮಾಡಿಸಬೇಕು, ಅಂದರೆ ಕಂಪ್ಯೂಟರ್ ಖಾತೆಯ ಷೇರಾಗಿ ಬದಲಿಸಬೇಕು.

ಪ್ರಶ್ನೆ: ಸ್ಕೂಟರ್ ಕಂಪನಿಗಳಿಗೆ ಕೊಡುವ ಸಬ್ಸಿಡಿ ಗ್ರಾಹಕರಿಗೆ ತಾನೆ ಬರುವುದು? ಅದರಲ್ಲಿ ಮೋಸ ಹೇಗೆ? (ಕುಂದಾಪುರ)

ವಿದ್ಯುತ್ ವಾಹನಗಳಿಗೆ ಕೇಂದ್ರ ತಂದಿದ್ದ ಫೇಮ್–2 ಯೋಜನೆಯಲ್ಲಿ ಷೋರೂಮಿನವರು ಬಿಲ್ಲಿನಲ್ಲೇ ಸಬ್ಸಿಡಿ ಕಡಿಮೆ ಮಾಡುತ್ತಿದ್ದರು, ಕಂಪನಿ ಆಮೇಲೆ ಸರ್ಕಾರದಿಂದ ಪಡೆಯುತ್ತಿತ್ತು. ಷರತ್ತು ಎರಡು ಮುಖ್ಯ: ನಿಗದಿತ ಬಿಡಿಭಾಗಗಳು ಇಲ್ಲಿಯವೇ ಆಗಿರಬೇಕು, ಕಾರ್ಖಾನೆ ಬೆಲೆ ಒಂದೂವರೆ ಲಕ್ಷ ಮೀರಬಾರದು. ಕೆಲವರು ಆಮದು ಮಾಡಿದ ಭಾಗ ಜೋಡಿಸಿದರು. ಕೆಲವರು ಬೆಲೆ ಮಿತಿಯೊಳಗೆ ತೋರಿಸಲು ಚಾರ್ಜರನ್ನು ಬೇರೆ ಬಿಲ್ ಮಾಡಿದರು. ಚಾರ್ಜರ್ ಇಲ್ಲದ ಸ್ಕೂಟರನ್ನು ಯಾರು ಕೊಂಡುಕೊಳ್ಳುತ್ತಾರೆ ಎಂದು ಸರ್ಕಾರಕ್ಕೂ ಹೊಳೆಯಿತು ಅನ್ನಿ. 2023ರಲ್ಲಿ ಕಂಪನಿಗಳು ಚಾರ್ಜರ್ ಹಣ ಗ್ರಾಹಕರಿಗೆ ಮರಳಿಸಬೇಕಾಯಿತು. ಆಗ ಕೊಂಡವರು ಬಿಲ್ಲನ್ನು ಇನ್ನೊಮ್ಮೆ ನೋಡಿ: ಚಾರ್ಜರ್ ಬೇರೆ ಸಾಲಿನಲ್ಲೋ ಬೇರೆ ಇನ್‌ವಾಯ್ಸ್‌ನಲ್ಲೋ ಇದ್ದು, ಖಾತೆಗೆ ಏನೂ ಬಂದಿಲ್ಲದಿದ್ದರೆ ಚಾಸಿ ನಂಬರ್ ಸಮೇತ ಕಂಪನಿಗೆ ಲಿಖಿತವಾಗಿ ಬರೆಯಿರಿ.

ಪ್ರಶ್ನೆ: ಕಾರು ಕಂಪನಿಗಳಿಗೆ ಎಷ್ಟು ಪ್ರೋತ್ಸಾಹಧನ ಹೋಯಿತೆಂದು ಸಾಮಾನ್ಯರು ತಿಳಿಯುವುದು ಹೇಗೆ? (ಕಂಕನಾಡಿ)

ಮಾಹಿತಿ ಹಕ್ಕು ಅರ್ಜಿ ಹಾಕಿ, ಆದರೆ ಜಿಲ್ಲಾಧಿಕಾರಿ ಕಚೇರಿಗಲ್ಲ. ತಯಾರಿಕೆ ಹೆಚ್ಚಿಸಿದ್ದಕ್ಕೆ ಪ್ರೋತ್ಸಾಹಧನ ಕೊಡುವ, ವಾಹನ ವಲಯದ 25,938 ಕೋಟಿ ರೂಪಾಯಿಯ ಪಿಎಲ್‌ಐ ಯೋಜನೆ ಕೇಂದ್ರದ ಬೃಹತ್ ಕೈಗಾರಿಕೆ ಸಚಿವಾಲಯದ್ದು. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ, 500 ಪದ ಮೀರದಂತೆ ಬರೆಯಿರಿ.

‘ಏಕೆ ಕೊಟ್ಟಿರಿ’ ಎಂದು ಕೇಳಿದರೆ ಅರ್ಜಿ ಅಲ್ಲಿಗೇ ಕೆಡುತ್ತದೆ, ಕೇಳಬೇಕಾದದ್ದು ದಾಖಲೆ. ಯಾವ ಕಂಪನಿಗೆ ಯಾವ ಆರ್ಥಿಕ ವರ್ಷ ಎಷ್ಟು ಪಾವತಿ, ಅನುಮೋದನೆ ಪತ್ರದ ಪ್ರತಿ, ಹಿಂದಕ್ಕೆ ವಸೂಲಿ ಮಾಡಿದ ಆದೇಶಗಳ ಪ್ರತಿ. ಬರುವ ಅಡ್ಡಿ ಹೆಚ್ಚಾಗಿ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮು, ಅಂದರೆ ವ್ಯಾಪಾರ ಗುಟ್ಟು. ಅದಕ್ಕೇ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ಗುಟ್ಟಿನ ಭಾಗ ಇದ್ದರೆ ಅದನ್ನು ಮಾತ್ರ ಮುಚ್ಚಿ, 10ನೇ ಕಲಮಿನಂತೆ ಉಳಿದದ್ದನ್ನು ಕೊಡಿ ಎಂದು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೆ ಕೇಂದ್ರದಲ್ಲಿ ಶುಲ್ಕ ಇಲ್ಲ. ಎರಡನೆಯದು ಕೇಂದ್ರ ಮಾಹಿತಿ ಆಯೋಗಕ್ಕೆ, 90 ದಿನದೊಳಗೆ.