ಹೋಂಸ್ಟೇಯೋ, ಹೋಟೆಲ್ಲೋ? ರಾತ್ರಿ ಬಾಗಿಲು ತೆರೆಯುವವರು ಯಾರೆಂದು ಮೊದಲು ಕೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಉಳಿದುಕೊಳ್ಳುವ ಜಾಗದ್ದೇ. ಇಪ್ಪತ್ತೆರಡು ವರ್ಷ ಹೋಟೆಲುಗಳ ಫ್ರಂಟ್ ಆಫೀಸಿನಲ್ಲಿ ಕೂತು, ಆಮೇಲೆ ಮಲೆನಾಡಿನ ಕೆಲವು ಹೋಂಸ್ಟೇಗಳಿಗೆ ಸಲಹೆ ಕೊಡುತ್ತಾ ಬಂದವನು ನಾನು. ಎರಡೂ ಕಡೆಯ ಉಪ್ಪು ತಿಂದಿದ್ದೇನೆ, ಹಾಗಾಗಿ ಪಕ್ಷಪಾತ ಮಾಡಲು ಕಾರಣವಿಲ್ಲ.

ದೀಪಾವಳಿ ರಜೆಗೆ ಚಿಕ್ಕಮಗಳೂರಿಗೆ ಹೊರಟಿದ್ದೇವೆ. ಏಳು ಜನ ದೊಡ್ಡವರು, ಎರಡು ಮಕ್ಕಳು. ಅಮ್ಮನಿಗೆ 74, ಮಂಡಿ ನೋವು. ಕಾಫಿ ತೋಟದ ಹೋಂಸ್ಟೇಯವರು ತಲೆಗೆ 2,400 ರೂಪಾಯಿ, ಮಕ್ಕಳಿಗೆ ಅರ್ಧ, ಊಟ ತಿಂಡಿ ಸೇರಿ ಅಂತಾರೆ. ಪೇಟೆಯ ಹೋಟೆಲಿನಲ್ಲಿ ರೂಮಿಗೆ 3,800, ತಿಂಡಿ ಮಾತ್ರ ಉಚಿತ. ನಾಲ್ಕು ರೂಮು ಬೇಕು. ಹೋಟೆಲೇ ಅಗ್ಗ ಅಲ್ಲವೇ? — ದಾವಣಗೆರೆಯಿಂದ

ಮೇಲ್ನೋಟಕ್ಕೆ ಹೌದು. ಆದರೆ ಒಂದು ಕಡೆ ತಲೆ ಲೆಕ್ಕ, ಇನ್ನೊಂದು ಕಡೆ ರೂಮಿನ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಣ.

ಹೋಂಸ್ಟೇ: ಏಳು ಜನರಿಗೆ 16,800, ಮಕ್ಕಳಿಬ್ಬರಿಗೆ 2,400. ದಿನಕ್ಕೆ ಒಟ್ಟು 19,200. ಹೋಟೆಲ್: ನಾಲ್ಕು ರೂಮಿಗೆ 15,200, ಅದರ ಮೇಲೆ ಶೇ 5 ಜಿಎಸ್‌ಟಿ ಅಂದರೆ 760. ಸೇರಿ 15,960. ಇನ್ನು ಒಂಬತ್ತು ಜನರ ಮಧ್ಯಾಹ್ನದ ಮತ್ತು ರಾತ್ರಿಯ ಊಟ. ತಲೆಗೆ ಹೊತ್ತಿಗೆ 350 ಹಿಡಿದರೂ 6,300. ಅಲ್ಲಿಗೆ 22,260 ಆಯಿತು. ಸಂಜೆಯ ಕಾಫಿ, ಮಕ್ಕಳ ಬಜ್ಜಿ ಬೇರೆ. ಅಂದರೆ ಅಗ್ಗ ಅಂದುಕೊಂಡದ್ದು ಮೂರು ಸಾವಿರ ಜಾಸ್ತಿಯೇ.

ಆದರೆ ಇಲ್ಲೇ ಒಂದು ಗಂಟಿದೆ. ನೀವು ಬೆಳಿಗ್ಗೆ ಎಂಟಕ್ಕೆ ಹೊರಟು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮರುದಿನ ಬೇಲೂರು, ಹಳೇಬೀಡು ಅಂತ ಸುತ್ತುವವರಾದರೆ ದುಡ್ಡು ಕೊಟ್ಟ ಊಟ ತೋಟದಲ್ಲಿ, ನೀವು ಬೇಲೂರಿನಲ್ಲಿ! ಹೋಂಸ್ಟೇಯಲ್ಲಿ ಉಳಿದವರು ಅತಿ ಹೆಚ್ಚು ದುಡ್ಡು ಪೋಲು ಮಾಡುವುದು ಹೀಗೆಯೇ. ಸುತ್ತಾಟದ ದಿನ ಮಧ್ಯಾಹ್ನದ ಊಟ ಬಿಟ್ಟು ದರ ಹೇಳಿ ಅಂತ ಮೊದಲೇ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ಕೆಲವು ಮನೆಗಳಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಯೂ ಕೊಡುತ್ತಾರೆ.

ಇನ್ನು ಅಮ್ಮನ ಮಂಡಿ. ನನ್ನ ಪ್ರಕಾರ ನಿಮ್ಮ ತೀರ್ಮಾನ ನಿಲ್ಲಬೇಕಾದ್ದು ಇದರ ಮೇಲೆ, ಹಣದ ಮೇಲಲ್ಲ. ‘ಹಿರಿಯರಿಗೆ ಅನುಕೂಲ ಇದೆಯಾ’ ಅಂತ ಕೇಳಬೇಡಿ. ಇಲ್ಲ ಅಂದ ಮಾಲೀಕರನ್ನು ನಾನಿನ್ನೂ ಕಂಡಿಲ್ಲ. ಬದಲಿಗೆ ವಿಡಿಯೊ ಕಾಲ್ ಮಾಡಿ. ಕಾರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಅಮ್ಮ ಮಲಗುವ ಮಂಚದವರೆಗೆ ಫೋನ್ ಹಿಡಿದು ನಡೆದು ತೋರಿಸಿ ಅನ್ನಿ. ಫೋಟೊದಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ: ಗೇಟಿನಿಂದ ಮನೆವರೆಗಿನ ಕಲ್ಲುಹಾದಿ, ಕೈಹಿಡಿ ಇಲ್ಲದ ಆರು ಮೆಟ್ಟಿಲು, ಬಚ್ಚಲಿಗೆ ಇಳಿಯುವ ಅರ್ಧ ಅಡಿಯ ತಗ್ಗು. ಕಮೋಡ್ ಅದೇ ರೂಮಿನೊಳಗೆ ಇದೆಯೇ, ಪಕ್ಕದಲ್ಲಿ ಹಿಡಿದು ಏಳಲು ಏನಾದರೂ ಇದೆಯೇ ನೋಡಿ. ಕೊನೆಯ ಒಂದೆರಡು ಕಿಲೋಮೀಟರ್ ಜೀಪಿನಲ್ಲೇ ಹೋಗಬೇಕು ಅಂದರೆ ಆ ಮನೆ ನಿಮಗಲ್ಲ. ಮಂಡಿ ನೋವಿನವರಿಗೆ ತೋಟದ ಜೀಪು ಹತ್ತುವುದು ಮುಳ್ಳಯ್ಯನಗಿರಿ ಹತ್ತಿದಷ್ಟೇ ಕಷ್ಟ.

ಬಿಸಿನೀರಿನ ಬಗ್ಗೆಯೂ ಕೇಳಿ. ಮಳೆ ಗಾಳಿಗೆ ಕರೆಂಟ್ ಹೋದರೆ ಇನ್ವರ್ಟರ್ ದೀಪ ಉರಿಸುತ್ತದೆ, ಗೀಸರ್ ಓಡಿಸುವುದಿಲ್ಲ. ಸೌದೆ ಒಲೆಯ ಹಂಡೆ ನೀರಿದ್ದರೆ ನಿಶ್ಚಿಂತೆ. ಗ್ಯಾಸ್ ಗೀಸರ್ ಅಂದರೆ ಮಾತ್ರ ಎಚ್ಚರ. ಅದು ಬಚ್ಚಲಿನ ಒಳಗೇ ಇದ್ದು, ಕಿಟಕಿ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಕುತ್ತು. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ತಲೆ ಸುತ್ತಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ. ಗೀಸರ್ ಹೊರಗಿರುವ ಮನೆ ನೋಡಿ. ಅನಿವಾರ್ಯವಾದರೆ ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿದ ಮೇಲೆ ಒಳಗೆ ಹೋಗಿ.

ಕಡೆಗೆ ನಾನು ಎಲ್ಲರಿಗೂ ಹೇಳುವ ಪ್ರಶ್ನೆ: ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಯಾರು ತೆರೆಯುತ್ತಾರೆ? ಒಡೆಯರು ಅದೇ ಅಂಗಳದಲ್ಲಿ ವಾಸವಿದ್ದರೆ ಅಮ್ಮನಿಗೆ ಒಂದು ಲೋಟ ಬಿಸಿ ಗಂಜಿ, ಬೇಕಾದರೆ ಆಸ್ಪತ್ರೆಗೆ ವಾಹನ, ಎರಡೂ ಸಿಗುತ್ತವೆ. ಅಷ್ಟನ್ನು ನಕ್ಷತ್ರದ ಹೋಟೆಲ್ ಕೂಡ ಕೊಡುವುದಿಲ್ಲ. ಒಡೆಯರು ಬೆಂಗಳೂರಿನಲ್ಲಿ, ಇಲ್ಲಿ ಒಬ್ಬ ಕೇರ್‌ಟೇಕರ್ ಹುಡುಗ ಸಂಜೆ ಏಳಕ್ಕೆ ಲೈನಿಗೆ, ಅಂದರೆ ತೋಟದ ಕೆಲಸಗಾರರ ಮನೆಸಾಲಿಗೆ, ಹೋಗುತ್ತಾನೆ ಅಂದರೆ ಪೇಟೆಯ ಹೋಟೆಲಿಗೇ ಹೋಗಿ. ಮಕ್ಕಳನ್ನು ಒಂದು ದಿನ ತೋಟ ಸುತ್ತಿಸಿಕೊಂಡು ಬಂದರಾಯಿತು.

ದಸರಾಕ್ಕೆ ಮೈಸೂರಿನಲ್ಲಿ ಹೋಟೆಲ್ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ್ಯಪಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಅರ್ಧ ಬೆಲೆಗೆ ಇದೆ. ‘ಹೋಂಸ್ಟೇ’ ಅಂತಲೇ ಬರೆದಿದೆ. ತಗೊಳ್ಳಲಾ? — ಬೆಂಗಳೂರಿನಿಂದ

ಮೊದಲು ಹೆಸರಿನ ಮೋಸ ಬಿಡಿಸಿಕೊಳ್ಳೋಣ. ಮನೆಯವರು ವಾಸವಿದ್ದು, ತಮ್ಮ ಮನೆಯ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟರೆ ಅದು ಹೋಂಸ್ಟೇ. ನಮ್ಮ ಪ್ರವಾಸೋದ್ಯಮ ಇಲಾಖೆಯ ನೋಂದಣಿಗೂ ಅದೇ ಮೂಲ ಷರತ್ತು. ಬೀಗದ ಕೈ ಡಬ್ಬಿಯಲ್ಲಿಟ್ಟು, ನಂಬರ್ ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಫ್ಲ್ಯಾಟು ದಿನಬಾಡಿಗೆ ಮನೆ, ಅಷ್ಟೇ. ‘ಸ್ಟೇ’ ಇದೆ, ‘ಹೋಂ’ ಇಲ್ಲ. ನೀವು ಆರಿಸಬೇಕಿರುವುದು ಎರಡರಲ್ಲಿ ಅಲ್ಲ, ಮೂರರಲ್ಲಿ.

ದಿನಬಾಡಿಗೆ ಫ್ಲ್ಯಾಟು ಕೆಟ್ಟದ್ದು ಅನ್ನುತ್ತಿಲ್ಲ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರು ತಿಂಗಳುಗಟ್ಟಲೆ ಹೀಗೆಯೇ ಮನೆ ಹಿಡಿಯುತ್ತಾರೆ, ಎಲ್ಲರಿಗೂ ಅನುಕೂಲ. ನಿಂತು, ಅಡುಗೆ ಮಾಡಿಕೊಂಡು, ಬಟ್ಟೆ ಒಗೆದುಕೊಂಡು ಇರುವವರಿಗೆ ಅದು ಸರಿ. ಎರಡು ರಾತ್ರಿಗೆ ಬರುವವರಿಗೆ ಆ ಅಡುಗೆಮನೆ ಬರೀ ಅಲಂಕಾರ.

ನನ್ನ ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನೇ ಒಂದು ಊರಿನಲ್ಲಿ ಇಂಥ ಫ್ಲ್ಯಾಟ್ ಹಿಡಿದಿದ್ದೆ. ರಾತ್ರಿ ಹತ್ತೂವರೆಗೆ ಗೇಟಿನ ಸೆಕ್ಯುರಿಟಿ ಒಳಗೇ ಬಿಡಲಿಲ್ಲ. ‘ಅಸೋಸಿಯೇಷನ್ನಿನವರು ದಿನಬಾಡಿಗೆ ನಿಲ್ಲಿಸಿದ್ದಾರೆ ಸರ್, ಯಾರ ಸಂಬಂಧಿಕರು ನೀವು?’ ಅಂದ. ಮಾಲೀಕರಿಗೆ ಫೋನ್ ಮಾಡಿದರೆ ‘ಅಳಿಯ ಅಂತ ಹೇಳಿಬಿಡಿ’ ಅಂದರು. ನರೆತ ತಲೆಯ ನಾನು, ನನಗಿಂತ ಹತ್ತು ವರ್ಷ ಚಿಕ್ಕವರ ಅಳಿಯ! ಹೇಗೋ ಒಳಗೆ ಹೋದರೆ ಟ್ಯಾಂಕಿನಲ್ಲಿ ನೀರಿಲ್ಲ. ಹೋಟೆಲ್ ಆಗಿದ್ದರೆ ರಿಸೆಪ್ಷನ್‌ಗೆ ಇಳಿದು ಜಗಳವಾಡಿ ಬೇರೆ ರೂಮು ತಗೊಳ್ಳಬಹುದಿತ್ತು. ಅಲ್ಲಿ ಜಗಳ ಆಡಲಿಕ್ಕೂ ಯಾರೂ ಇರಲಿಲ್ಲ.

ಹಾಗಾಗಿ ಬುಕ್ ಮಾಡುವ ಮುಂಚೆ ಆ್ಯಪಿನ ಚಾಟ್‌ನಲ್ಲೇ, ಫೋನಿನಲ್ಲಿ ಅಲ್ಲ, ‘ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಒಪ್ಪಿಗೆ ಇದೆಯೇ’ ಅಂತ ಕೇಳಿ. ಬರಹದಲ್ಲಿ ಉತ್ತರ ಇದ್ದರೆ ನಾಳೆ ದುಡ್ಡು ವಾಪಸ್ ಕೇಳಲು ಆಧಾರವಾಗುತ್ತದೆ. ವಿಮರ್ಶೆಗಳಲ್ಲಿ ಐದು ನಕ್ಷತ್ರದವು ಬಿಟ್ಟು ಮೂರು ನಕ್ಷತ್ರದವನ್ನು ಓದಿ. ಸಿಟ್ಟೂ ಇಲ್ಲದೆ ಹೊಗಳಿಕೆಯೂ ಇಲ್ಲದೆ ಬರೆದವರು ಅವರೇ.

ದಸರಾ ವಿಷಯಕ್ಕೆ ಬಂದರೆ ಜಾಗ ಮುಖ್ಯ. ಜಂಬೂಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ. ಅವತ್ತು ಆ ಸುತ್ತಿನ ರಸ್ತೆಗಳಿಗೆ ಕಾರು ಬಿಡುವುದಿಲ್ಲ. ಊರಾಚೆಯ ಬಡಾವಣೆಯ ಫ್ಲ್ಯಾಟಿನಲ್ಲಿ ಉಳಿಸಿದ ದುಡ್ಡನ್ನು ಆಟೊದವರಿಗೆ ಕೊಡಬೇಕಾದೀತು, ಆಟೊ ಸಿಕ್ಕರೆ. ಗುಂಪಾಗಿ ಬಂದು ನಾಲ್ಕು ದಿನ ಇರುವುದಾದರೆ ಫ್ಲ್ಯಾಟು. ಮೆರವಣಿಗೆ, ಪಂಜಿನ ಕವಾಯತು ನೋಡಿ ಮರುದಿನ ಹೊರಡುವುದಾದರೆ ನಡೆದು ಹೋಗುವಷ್ಟು ಹತ್ತಿರದ ಸಾದಾ ಲಾಡ್ಜೇ ಮೇಲು. ಬೆಳಗಿನ ಐದಕ್ಕೆ ಬಸ್ಸಿಳಿಯುವವರು 24 ಗಂಟೆ ಲೆಕ್ಕದ ಲಾಡ್ಜ್ ಹುಡುಕಿ. ಮಧ್ಯಾಹ್ನ ಎರಡಕ್ಕೆ ಚೆಕ್‌ಇನ್ ಎನ್ನುವ ಕಡೆ ಅಷ್ಟು ಹೊತ್ತು ಬ್ಯಾಗ್ ಇಟ್ಟುಕೊಂಡು ಎಲ್ಲಿ ಕೂರುತ್ತೀರಿ?

ಸಣ್ಣ ಹೋಂಸ್ಟೇ, ಮಾಲೀಕರೇ ‘ನಮಗೆ ಜಿಎಸ್‌ಟಿ ಇಲ್ಲ’ ಅಂದರು. ಆದರೂ ಆ್ಯಪಿನ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದಾರೆ. ಇದು ಮೋಸವಲ್ಲವೇ? ನೇರವಾಗಿ ದುಡ್ಡು ಕಳಿಸಬಹುದೇ? — ಹುಬ್ಬಳ್ಳಿಯಿಂದ

ಮೋಸವಲ್ಲ, ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ಅದೇ ಕೋಣೆ ಆ್ಯಪಿನ ಮೂಲಕ ಬಿಕರಿಯಾದರೆ ತೆರಿಗೆ ಕಟ್ಟುವ ಹೊಣೆ ಕಾನೂನಿನ ಪ್ರಕಾರ ಆ್ಯಪಿನವರದು. ಅವರು ನಿಮ್ಮಿಂದ ವಸೂಲು ಮಾಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದಕ್ಕಿಂತ ಮೇಲೆ ಶೇ 18. ಅಂದರೆ 7,400ರ ಕೋಣೆಗೂ 7,600ರ ಕೋಣೆಗೂ ನಡುವೆ ವ್ಯತ್ಯಾಸ 200 ಅಲ್ಲ. ತೆರಿಗೆ ಸೇರಿದರೆ 7,770 ಮತ್ತು 8,968! ಆ ಗಡಿಯ ಹತ್ತಿರ ಇದ್ದರೆ ಚೌಕಾಸಿ ಮಾಡಿ.

ನೇರ ಬುಕಿಂಗ್‌ನಲ್ಲಿ ತೆರಿಗೆಯೂ ಕಮಿಷನ್ನೂ ಉಳಿಯುತ್ತವೆ, ನಿಜ. ಹಿಂದೆ ಉಳಿದುಬಂದ, ಗುರುತಿರುವ ಮನೆಯಾದರೆ ಹಾಗೇ ಮಾಡಿ. ಆದರೆ ಆ್ಯಪಿನಲ್ಲಿ ನೋಡಿದ ಅಪರಿಚಿತ ಮಾಲೀಕರು ‘ಅದು ಕ್ಯಾನ್ಸಲ್ ಮಾಡಿ, ಈ ನಂಬರಿಗೆ ಫೋನ್‌ಪೇ ಮಾಡಿ’ ಅಂದರೆ ಬೇಡ. ದುಡ್ಡು ಹೊರಗೆ ಹೋದ ಕ್ಷಣವೇ ಆ್ಯಪಿನ ರಕ್ಷಣೆಯೂ ಹೋಯಿತು. ಹೆಸರಾಂತ ಹೋಟೆಲುಗಳ, ದೇವಸ್ಥಾನದ ವಸತಿಗೃಹಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳೂ ಇವೆ. ಸರ್ಚ್‌ನಲ್ಲಿ ಮೊದಲು ಕಂಡ ನಂಬರಿಗೆ ಮುಂಗಡ ಕಳಿಸಬೇಡಿ. ಕಳಿಸಿ ಮೋಸ ಹೋದರೆ ಅಳುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಂಟೆಗಳ ಲೆಕ್ಕದಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಇರುತ್ತದೆ.

ಅಮೆರಿಕದ ಪಾಸ್‌ಪೋರ್ಟ್ ಇರುವ ತಮ್ಮನ ಜೊತೆ ಯಾಣಕ್ಕೆ ಹೊರಟೆವು. ಹೋಂಸ್ಟೇಯವರು ‘ಅವರಿದ್ದರೆ ಆಗಲ್ಲ’ ಅಂದರು. ಏಕೆ? — ಶಿರಸಿಯಿಂದ

ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ ಜಾಗ ಕೊಟ್ಟವರು 24 ಗಂಟೆಯೊಳಗೆ ಅವರ ವಿವರವನ್ನು, ಹಿಂದೆ ‘ಫಾರಂ ಸಿ’ ಎನ್ನುತ್ತಿದ್ದದ್ದನ್ನು, ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹೋಟೆಲಿಗೂ ಹೋಂಸ್ಟೇಗೂ ಒಂದೇ ನಿಯಮ. ಅದರ ಲಾಗಿನ್ ಮಾಡಿಸಿಕೊಳ್ಳದ ಸಣ್ಣ ಮನೆಯವರು ಉಸಾಬರಿಯೇ ಬೇಡ ಅಂತ ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ತಮ್ಮ ನಮ್ಮ ಹಳ್ಳಿಯವನೇ ಆದರೂ ಕಾಗದ ಬೇರೆ ಹೇಳುತ್ತದಲ್ಲ. ಬುಕ್ ಮಾಡುವಾಗಲೇ ಹೇಳಿ, ಪಾಸ್‌ಪೋರ್ಟು, ವೀಸಾ ಅಥವಾ ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡು ಕೈಯಲ್ಲಿರಲಿ. ನೀವು ಕೊಡುವ ಆಧಾರ್ ಮಾತ್ರ ‘ಮಾಸ್ಕ್ಡ್’ ಪ್ರತಿಯಾಗಿರಲಿ, ಕೊನೆಯ ನಾಲ್ಕು ಅಂಕಿ ಕಂಡರೆ ಸಾಕು.

ಮಗಳ ಕಾನ್ವೊಕೇಷನ್‌ಗೆ ನಾಲ್ವರು ನ್ಯೂಯಾರ್ಕಿಗೆ ಹೊರಟಿದ್ದೇವೆ, ಹತ್ತು ದಿನ. ಹೋಟೆಲ್ ಊಟ ನಮ್ಮವರಿಗೆ ಸೇರದು. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹುಡುಕಿದರೆ ಏನೂ ಸಿಗುತ್ತಿಲ್ಲ. — ಮೈಸೂರಿನಿಂದ

ಸಿಗದಿರುವುದಕ್ಕೆ ಕಾರಣವಿದೆ. 2023ರ ಸೆಪ್ಟೆಂಬರಿನಿಂದ ನ್ಯೂಯಾರ್ಕ್ ನಗರ ತನ್ನ ‘ಲೋಕಲ್ ಲಾ 18’ ಎಂಬ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡುತ್ತಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಬೇಕು, ಅತಿಥಿಗಳಿದ್ದಾಗ ತಾವೂ ಅದೇ ಮನೆಯಲ್ಲಿ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನೀವು ನಾಲ್ವರು. ಅಂದರೆ ಹತ್ತು ದಿನಕ್ಕೆ ಇಡೀ ಫ್ಲ್ಯಾಟು ಕೊಡುತ್ತೇವೆ ಅನ್ನುವ ಮ್ಯಾನ್‌ಹಟನ್ನಿನ ಜಾಹೀರಾತು ಕಂಡರೆ ಅನುಮಾನಿಸಿ.

ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಬನ್ನಿ. ಜೆರ್ಸಿ ಸಿಟಿಯಿಂದ ‘ಪಾತ್’ ರೈಲು ನೇರ ಮ್ಯಾನ್‌ಹಟನ್ನಿಗೆ ಹೋಗುತ್ತದೆ. ಇನ್ನೂ ಒಳಗೆ ಎಡಿಸನ್, ಐಸೆಲಿನ್ ಕಡೆ ಹೋದರೆ ಓಕ್ ಟ್ರೀ ರಸ್ತೆಯಲ್ಲಿ ನಮ್ಮ ಅಂಗಡಿಗಳ ಸಾಲೇ ಇದೆ. ಸೋನಾಮಸೂರಿ ಅಕ್ಕಿ, ಕರಿಬೇವು, ಸಾರಿನ ಪುಡಿ ಏನು ಬೇಕಾದರೂ ಸಿಗುತ್ತದೆ. ಮೆಟ್ರೊಪಾರ್ಕ್ ಸ್ಟೇಷನ್ನಿನಿಂದ ನ್ಯೂಯಾರ್ಕಿಗೆ ರೈಲಿದೆ. ಈ ಭಾಗದಲ್ಲಿ ‘ಎಕ್ಸ್‌ಟೆಂಡೆಡ್ ಸ್ಟೇ’ ಮಾದರಿಯ ಹೋಟೆಲುಗಳನ್ನು ನೋಡಿ: ರಿಸೆಪ್ಷನ್ ಇರುತ್ತದೆ, ರೂಮಿನೊಳಗೆ ಒಲೆ, ಫ್ರಿಜ್, ಪಾತ್ರೆಯೂ ಇರುತ್ತವೆ. ನನ್ನ ಮಟ್ಟಿಗೆ ನಿಮ್ಮಂಥವರಿಗೆ ಇದೇ ಸರಿ. ದರದ ವಿಷಯದಲ್ಲೂ ಒಂದು ಸಮಾಧಾನವಿದೆ. 2025ರ ಮೇ 12ರಿಂದ ಅಲ್ಲಿನ ಹೋಟೆಲುಗಳೂ ದಿನಬಾಡಿಗೆ ಮನೆಗಳೂ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು. ತೆರಿಗೆ ಮಾತ್ರ ಕೊನೆಯಲ್ಲಿ ಸೇರಬಹುದು, ಅದನ್ನು ನೋಡಿಕೊಂಡು ಹೋಲಿಸಿ.

ಇನ್ನೊಂದು ಮಾತು ಮನೆಯ ಹೆಂಗಸರಿಗೂ, ಸೌಟು ಹಿಡಿಯುವ ಗಂಡಸರಿಗೂ. ಅಲ್ಲಿ ಚಾವಣಿಯಲ್ಲಿ ಹೊಗೆ ಪತ್ತೆಹಚ್ಚುವ ಯಂತ್ರ ಇರುತ್ತದೆ. ಎಣ್ಣೆ ಚೆನ್ನಾಗಿ ಕಾಯಿಸಿ ಬ್ಯಾಡಗಿ ಮೆಣಸಿನಕಾಯಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟಿರೋ, ಅದು ಬಾಯಿ ಬಿಡುತ್ತದೆ. ಎಕ್ಸಾಸ್ಟ್ ಹಾಕಿ, ಕಿಟಕಿ ತೆರೆಯುವಂತಿದ್ದರೆ ತೆರೆದು, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಒಗ್ಗರಣೆ ಹಾಕಿ. ಇಲ್ಲವಾದರೆ ಊರಿನಿಂದಲೇ ಒಗ್ಗರಣೆ ಹುರಿದು ಡಬ್ಬಿಯಲ್ಲಿ ಒಯ್ಯಿರಿ.